ಮೊದಲು ಗಾಳಿಯ ಲೆಕ್ಕ, ಆಮೇಲೆ ಪೆಟ್ರೋಲು

ಪ್ರಶ್ನೆ: ನಮಸ್ಕಾರ ಸರ್. ಕಾರವಾರದಲ್ಲಿ ನಮ್ಮದೊಂದು ಸ್ಪೀಡ್ ಬೋಟ್ ಇದೆ. 5.7 ಲೀಟರಿನ ಹಳೇ ವಿ-8 ಪೆಟ್ರೋಲ್ ಇಂಜಿನ್. ಮಳೆಗಾಲದಲ್ಲಿ ಪೂರ್ತಿ ಬಿಚ್ಚಿ ಕಟ್ಟಿಸಿದೆವು. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 0.75 ಮಿಲಿಮೀಟರ್ ಜಾಸ್ತಿ ಆಗಿದೆ, ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ಹೊಸದು. ಇಂಜಿನ್ ದೊಡ್ಡದಾಯ್ತು, ಗಾಳಿ ಸಾಲಲ್ಲ ಅಂತ ಹೇಳಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ 600ರದ್ದು ಇತ್ತು, ಅದನ್ನು ತೆಗೆದು 850ರದ್ದು ಹಾಕಿದರು. ಈಗ ನಿಧಾನದಲ್ಲಿ ಹೋಗುವಾಗ ಥ್ರಾಟಲ್ ಮುಂದಕ್ಕೆ ತಳ್ಳಿದರೆ ಇಂಜಿನ್ ತಡವರಿಸುತ್ತದೆ. ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಪ್ಲಗ್ ತೆಗೆದರೆ ಸುಣ್ಣದ ಹಾಗೆ ಬೆಳ್ಳಗಿದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬರುವ ತೂತು, ಅದೇ ಜೆಟ್, ದೊಡ್ಡದು ಮಾಡಿಸಬೇಕೇ?

ಉತ್ತರ: ಜೆಟ್ ವಿಷಯಕ್ಕೆ ಆಮೇಲೆ ಬರೋಣ. ಪ್ಲಗ್ ಅಷ್ಟು ಬೆಳ್ಳಗಾಗಿದೆ ಅಂದರೆ ಇಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ, ಅದು ಲೀನ್ ಓಡುತ್ತಿದೆ. ಕಾರಣ ಸಿಗುವ ತನಕ ಪೂರ್ತಿ ಥ್ರಾಟಲ್ ಕೊಡಲೇಬೇಡಿ. ಕಾರು ಸಮತಟ್ಟಾದ ರಸ್ತೆಯಲ್ಲಿ ಹೋಗುವಾಗ ಇಂಜಿನ್ನಿನ ಮೇಲೆ ಅಷ್ಟೇನೂ ಭಾರ ಇರುವುದಿಲ್ಲ. ಬೋಟಿಗೆ ಆ ಸುಖ ಇಲ್ಲ. ನೀರು ತಳ್ಳಿಕೊಂಡೇ ಹೋಗಬೇಕು, ಅದಕ್ಕೆ ದಿನವಿಡೀ ದೇವಿಮನೆ ಘಾಟ್ ಹತ್ತಿದ ಹಾಗೆಯೇ. ಕಾರಿನಲ್ಲಿ ಹೇಗೋ ನಡೆದುಹೋಗುವ ಲೀನ್ ಮಿಕ್ಸ್‌ಚರ್ ಬೋಟಿನಲ್ಲಿ ಪಿಸ್ಟನ್ನಿಗೆ ತೂತು ಮಾಡುತ್ತದೆ. ಹೊನ್ನಾವರದಲ್ಲಿ ಹೊಸದಾಗಿ ಕಟ್ಟಿದ ಒಂದು ಇಂಜಿನ್ ಮೊದಲ ವಾರವೇ ಹಾಗೆ ಹೋಗಿದ್ದನ್ನು ನೋಡಿದ್ದೇನೆ. ಪಿಸ್ಟನ್ನಿನ ತಲೆ ಮೇಣದ ಹಾಗೆ ಕರಗಿತ್ತು. ಆ ಮನೆಯವರ ಮುಖ ನನಗೆ ಇನ್ನೂ ನೆನಪಿದೆ.

ಈಗ ಗಾಳಿಯ ಲೆಕ್ಕ. ಬೋರ್ 0.75 ಮಿಲಿಮೀಟರ್ ಹೆಚ್ಚಾದರೆ ನಿಮ್ಮ ಇಂಜಿನ್ನಿನ ಗಾತ್ರ ಹೆಚ್ಚುವುದು ನೂರಕ್ಕೆ ಒಂದೂವರೆಯಷ್ಟು ಮಾತ್ರ. ಅಷ್ಟಕ್ಕೆ ಕಾರ್ಬ್ಯುರೇಟರ್ ಬದಲಿಸುವುದೇ ಬೇಡ. ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 4800 ಸುತ್ತಿನಲ್ಲಿ ಓಡಿದರೆ ನಿಮಿಷಕ್ಕೆ 2400 ಸಲ, ಅದನ್ನು 5.7ರಿಂದ ಗುಣಿಸಿದರೆ 13,680 ಲೀಟರ್. ಆದರೆ ಸಿಲಿಂಡರ್ ಯಾವತ್ತೂ ಪೂರ್ತಿ ತುಂಬುವುದಿಲ್ಲ. ನೂರಕ್ಕೆ 85 ಅಂತ ಹಿಡಿದರೆ 11,600 ಲೀಟರಿನ ಹತ್ತಿರ. ಕಾರ್ಬ್ಯುರೇಟರಿನ 600, 850 ಅನ್ನುವ ನಂಬರು ಅದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬಿಡುತ್ತದೆ ಅನ್ನುವ ಲೆಕ್ಕ. ಒಂದು ಘನ ಅಡಿ ಅಂದರೆ 28.3 ಲೀಟರ್. ಅಲ್ಲಿಗೆ ನಿಮ್ಮ ಇಂಜಿನ್ನಿಗೆ ಬೇಕಾದದ್ದು ಸುಮಾರು 410. ಹೊಸ ಕ್ಯಾಮ್‌ನಿಂದ ಇನ್ನೊಂದಿಷ್ಟು ಜಾಸ್ತಿ ಎಳೆಯಿತು ಅಂದುಕೊಂಡರೂ ನಿಮ್ಮ ಹಳೇ 600ರದ್ದೇ ಧಾರಾಳ ಆಯ್ತು ಅಲ್ವಾ?

ಬಾಯಿ ದೊಡ್ಡದಾದಷ್ಟೂ ಒಳಗೆ ಹೋಗುವ ಗಾಳಿಯ ವೇಗ ಕಡಿಮೆಯಾಗುತ್ತದೆ. ಕಾರ್ಬ್ಯುರೇಟರ್ ಪೆಟ್ರೋಲನ್ನು ಮೇಲಕ್ಕೆ ಎಳೆಯುವುದೇ ಆ ವೇಗದಿಂದ. ಗಾಳಿ ನಿಧಾನವಾದರೆ ಪೆಟ್ರೋಲು ಕಡಿಮೆ ಬರುತ್ತದೆ, ಬಂದದ್ದೂ ಮಂಜಿನಂತೆ ಒಡೆಯದೆ ಹನಿಹನಿಯಾಗಿ ಬೀಳುತ್ತದೆ. ನಿಮ್ಮ ತಡವರಿಕೆಯ ಮೂಲ ಇದೇ ಅಂತ ನನಗೆ ಬಲವಾಗಿ ಅನಿಸುತ್ತದೆ. ಹಳೆಯದು ಮನೆಯಲ್ಲಿ ಇದ್ದರೆ ಚೊಕ್ಕ ಮಾಡಿ ಅದನ್ನೇ ಹಾಕಿ.

ಪ್ಲಗ್ ಬೆಳ್ಳಗಾಗಿರುವುದು ಬೇರೆ ಕಾಯಿಲೆ ಇರಬಹುದು. ಜೆಟ್ ಮುಟ್ಟುವ ಮೊದಲು ಪೆಟ್ರೋಲು ಜೆಟ್‌ವರೆಗೆ ಬರುತ್ತಿದೆಯೇ ನೋಡಬೇಕು. 300 ಕುದುರೆ ಬಲದ ಪೆಟ್ರೋಲ್ ಇಂಜಿನ್ ಪೂರ್ತಿ ದುಡಿಯುವಾಗ ಗಂಟೆಗೆ ಸುಮಾರು 90 ಲೀಟರ್ ಕುಡಿಯುತ್ತದೆ, ನಿಮಿಷಕ್ಕೆ ಒಂದೂವರೆ ಲೀಟರ್! ಪಂಪು, ಫಿಲ್ಟರ್, ಪೈಪು ಎಲ್ಲವೂ ಅಷ್ಟನ್ನು ಎಡೆಬಿಡದೆ ಕೊಡಬೇಕು. ಪೆಟ್ರೋಲ್ ಪೈಪು ಕಾರ್ಬ್ಯುರೇಟರಿಗೆ ಸೇರುವಲ್ಲಿ ಒಂದು ಪ್ರೆಷರ್ ಗೇಜ್ ಕೂರಿಸಿ, ನೀರಿನಲ್ಲಿ ಭಾರದ ಮೇಲೆ ಒಂದೆರಡು ನಿಮಿಷ ಓಡಿಸಿ ನೋಡಿ. ಪೂರ್ತಿ ಥ್ರಾಟಲ್ ಬೇಡ ಅಂದೆ, ಮುಕ್ಕಾಲು ಸಾಕು. ಸಾಮಾನ್ಯವಾಗಿ 5ರಿಂದ 7 ಪಿಎಸ್ಐ ಒತ್ತಡ ಇರುತ್ತದೆ. ಥ್ರಾಟಲ್ ಏರಿಸಿದ ಹಾಗೆ ಮುಳ್ಳು ಇಳಿಯುತ್ತಾ ಹೋದರೆ ತೊಂದರೆ ಹಿಂದೆ, ಪಂಪು, ಫಿಲ್ಟರ್, ಪೈಪಿನ ಕಡೆ ಇದೆ. ಆಗ ಜೆಟ್ ಎಷ್ಟು ದೊಡ್ಡದು ಮಾಡಿದರೂ ದಂಡ.

ಟ್ಯಾಂಕಿನ ಗಾಳಿ ಪೈಪನ್ನೂ ತಪ್ಪದೆ ನೋಡಿ. ಬೋಟು ಇಡೀ ಮಳೆಗಾಲ ದಡದಲ್ಲಿ ಇತ್ತಲ್ಲ, ಆ ತೂತಿನಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುವುದುಂಟು. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಹೊರಗೆ ಬರುವುದಿಲ್ಲ.

ಇದೆಲ್ಲ ಸರಿ ಇದ್ದರೆ ಆಗ ಜೆಟ್. ಬರೀ ಪೆಟ್ರೋಲು ಪೂರ್ತಿ ಉರಿಯಲು 1 ಕಿಲೋಗೆ 14.7 ಕಿಲೋ ಗಾಳಿ ಬೇಕು. ಆದರೆ ಭಾರದ ಕೆಲಸಕ್ಕೆ 12.5ರಿಂದ 13ರ ಒಳಗೇ ಇರಿಸಬೇಕು. ಸ್ವಲ್ಪ ರಿಚ್ ಇದ್ದರೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲು ಜಾಸ್ತಿ ಇದ್ದರೆ, ಖರ್ಚು ಏರುತ್ತದೆ, ನಿಜ. ಲೀನ್ ಆದರೆ ಇಂಜಿನ್ನೇ ಹೋಗುತ್ತದೆ. ಇನ್ನೊಂದು ವಿಷಯ, ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿಗೆ ಗಾಳಿ ಕಡಿಮೆ ಸಾಕು, 1 ಕಿಲೋಗೆ 9 ಕಿಲೋ. ಹಾಗಾಗಿ ಹಳೇ ಲೆಕ್ಕದ ಜೆಟ್ಟಿನಲ್ಲಿ ಈ ಪೆಟ್ರೋಲು ಹಾಕಿದರೆ ಇಂಜಿನ್ ತಾನಾಗಿಯೇ ಲೀನ್ ಆಗುತ್ತದೆ. ನೂರಕ್ಕೆ ಏಳೆಂಟರಷ್ಟು ಪೆಟ್ರೋಲು ಜಾಸ್ತಿ ಬೇಕು, ಜೆಟ್ಟಿನ ತೂತಿನ ಅಗಲದಲ್ಲಿ ಹೇಳುವುದಾದರೆ ನೂರಕ್ಕೆ ನಾಲ್ಕರಷ್ಟು. ಒಂದೊಂದೇ ಸೈಜು ಏರಿಸಿ, ಪ್ರತಿ ಸಲ ಪ್ಲಗ್ ನೋಡಿ. ತಿಳಿ ಕಂದು ಬಣ್ಣ ಬರಬೇಕು. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿಗೇನು ಬರ? ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದೆ ಸಮುದ್ರಕ್ಕೆ ಇಳಿಯಬೇಡಿ.

ಆ ಹೊಸ ಕ್ಯಾಮ್ ಕಾರಿನದೋ ಬೋಟಿನದೋ ಕೇಳಿ ತಿಳಿದುಕೊಳ್ಳಿ. ರೇಸ್ ಕಾರಿನ ಕ್ಯಾಮ್‌ನಲ್ಲಿ ಗಾಳಿ ಎಳೆಯುವ, ಹೊಗೆ ಬಿಡುವ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ನಿಧಾನದಲ್ಲಿ ಅದು ಎಕ್ಸಾಸ್ಟ್ ತಣಿಸಲು ಬಿಡುವ ನೀರನ್ನು ಹಿಂದಕ್ಕೆ, ಸಿಲಿಂಡರಿನೊಳಗೆ ಎಳೆಯುತ್ತದೆ. ಹಾಗಿದ್ದರೆ ಕ್ಯಾಮ್ ಬದಲಿಸುವುದೊಂದೇ ದಾರಿ.

ಪ್ರಶ್ನೆ: ತದಡಿಯಲ್ಲಿ ನಮ್ಮ ಟ್ರಾಲ್ ಬೋಟ್ ಇದೆ. ಜೂನ್, ಜುಲೈ ಮೀನುಗಾರಿಕೆ ರಜೆಯಲ್ಲಿ ಡೀಸೆಲ್ ಇಂಜಿನ್ ಪೂರ್ತಿ ರಿಪೇರಿ ಆಯ್ತು. ಎಳೆತ ಬರಲಿ ಅಂತ ಪಂಪಿನಲ್ಲಿ ಡೀಸೆಲ್ ಏರಿಸಿದರು. ಈಗ ಬಲೆ ಎಳೆಯುವಾಗ ಕಪ್ಪು ಹೊಗೆ.

ಉತ್ತರ: ಕಪ್ಪು ಹೊಗೆ ಅಂದರೆ ಅರೆಬರೆ ಉರಿದ ಡೀಸೆಲ್, ನಿಮ್ಮ ದುಡ್ಡು. ಒಂದು ಲೀಟರ್ ಡೀಸೆಲ್ ಹೊಗೆಯಿಲ್ಲದೆ ಉರಿಯಲು 15 ಸಾವಿರ ಲೀಟರಿಗೂ ಜಾಸ್ತಿ ಗಾಳಿ ಬೇಕು. ಪಂಪಿನಲ್ಲಿ ಡೀಸೆಲ್ ಏರಿಸಬಹುದು, ಗಾಳಿ ಎಲ್ಲಿಂದ ತರುತ್ತೀರಿ? ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಇಟ್ಟು ಕಂಪನಿಯ ಅಳತೆಗೇ ವಾಪಸ್ ತರಿಸಿ. ಆಮೇಲೆ ಇಂಜಿನ್ ರೂಮಿನ ಕಿಂಡಿಗಳನ್ನು ನೋಡಿ, ಹಗ್ಗ, ಬಲೆ, ಡಬ್ಬಿ ಇಟ್ಟು ಮುಚ್ಚಿರುತ್ತಾರೆ. ಒಳಗಿನ ಗಾಳಿ 50 ಡಿಗ್ರಿಗೆ ಕಾದರೆ ಹೊರಗಿನ 32 ಡಿಗ್ರಿ ಗಾಳಿಗಿಂತ ನೂರಕ್ಕೆ ಐದಾರರಷ್ಟು ತೆಳುವಾಗುತ್ತದೆ, ಅಷ್ಟು ಉಸಿರು ಕಡಿಮೆ. ಏರ್ ಫಿಲ್ಟರ್, ಟರ್ಬೋ ಹೋಸಿನ ಕ್ಲಾಂಪು ಕೂಡ ನೋಡಿ. ಎಲ್ಲ ಸರಿಯಾದ ಮೇಲೂ ಇಂಜಿನ್ ತನ್ನ ಪೂರ್ತಿ ಸುತ್ತಿಗೆ ಏರದೆ ಹೊಗೆ ಬಿಟ್ಟರೆ ಪ್ರೊಪೆಲ್ಲರ್ ಭಾರ ಆಗಿದೆ, ಅದರ ಪಿಚ್, ಅಂದರೆ ಅಲಗಿನ ಓರೆ, ಕಡಿಮೆ ಮಾಡಿಸಿ.

ಪ್ರಶ್ನೆ: ನಾವು ಶಿರಸಿಯವರು. ಹೊನ್ನಾವರದಲ್ಲಿ ಒಂದು ಪೆಟ್ರೋಲ್ ಬೋಟ್ ಇಟ್ಟಿದ್ದೇವೆ. ಕಾರಿನ ಕಾರ್ಬ್ಯುರೇಟರ್ ಕಡಿಮೆ ಬೆಲೆಗೆ ಸಿಗುತ್ತದೆ, ಹಾಕಬಹುದಾ?

ಉತ್ತರ: ಬೇಡ. ಉಕ್ಕಿದ ಪೆಟ್ರೋಲನ್ನು ಬೋಟಿನ ಕಾರ್ಬ್ಯುರೇಟರ್ ಇಂಜಿನ್ನಿನೊಳಗೇ ಬಿಡುತ್ತದೆ, ಕಾರಿನದು ಹೊರಗೆ ಚೆಲ್ಲುತ್ತದೆ. ಕಾರಿನಲ್ಲಿ ಅದು ರಸ್ತೆಗೆ ಬಿದ್ದು ಆರಿಹೋಗುತ್ತದೆ. ಬೋಟಿನಲ್ಲಿ ತಳಕ್ಕೆ ಇಳಿಯುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅಲ್ಲೇ ಕೂತಿರುತ್ತದೆ, ಸ್ಟಾರ್ಟರಿನ ಒಂದು ಕಿಡಿ ಸಾಕು. ಇಂಜಿನ್ನಿನ ಬೆಂಕಿ ಹೊರಗೆ ಬಾರದಂತೆ ತಡೆಯುವ ಫ್ಲೇಮ್ ಅರೆಸ್ಟರ್ ತೆಗೆದು ಕಾರಿನ ಏರ್ ಫಿಲ್ಟರ್ ಕೂರಿಸುವುದೂ ಬೇಡ. ಪ್ರತಿ ಸಲ ಇಂಜಿನ್ ರೂಮಿನ ಮುಚ್ಚಳ ತೆರೆದು ಮೂಸಿ ನೋಡಿ, ಆವಿಯನ್ನು ಹೊರಗೆ ದಬ್ಬುವ ಬ್ಲೋವರ್ ನಾಲ್ಕು ನಿಮಿಷ ಓಡಿಸಿ, ಆಮೇಲೆ ಕೀ ತಿರುಗಿಸಿ.