ಹಳೆಯ ಮಾದರಿಯ ಪಿಸ್ತೂಲು ಕೊಳ್ಳುವ ಆತುರದ ಬಗ್ಗೆ, ಅಮೆರಿಕಕ್ಕೆ ಹೊಸದಾಗಿ ಬಂದವರೊಬ್ಬರಿಗೆ

ನೀವು ಅಮೆರಿಕಕ್ಕೆ ಬಂದು ಎಂಟು ತಿಂಗಳಾಯಿತೆಂದೂ, ಎಚ್-1ಬಿ ವೀಸಾದಲ್ಲಿದ್ದೀರೆಂದೂ, ಸಹೋದ್ಯೋಗಿಯ ಬಳಿ ಕಂಡ ಕೋಲ್ಟ್ 1911 ಪಿಸ್ತೂಲು ಮನಸ್ಸಿಗೆ ಹಿಡಿಸಿದೆಯೆಂದೂ ಬರೆದಿದ್ದೀರಿ. ಅಂಗಡಿಗಳಲ್ಲಿ ಸರಕಿಲ್ಲ; ಪಕ್ಕದ ರಾಜ್ಯದವರೊಬ್ಬರು ಮಾತ್ರ ಶುಕ್ರವಾರದೊಳಗೆ ಹಣ ತಂದರೆ ನೇರವಾಗಿ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಕೊಳ್ಳಬಹುದೇ ಎಂದು ಕೇಳಿದ್ದೀರಿ. ಈ ವ್ಯವಹಾರಕ್ಕೆ ದಯವಿಟ್ಟು ಕೈಹಾಕಬೇಡಿ.

ಮೊದಲನೆಯ ತೊಡಕು ನಿಮ್ಮ ವೀಸಾದ್ದೇ. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವಂತಿಲ್ಲ ಎಂಬುದು ಇಲ್ಲಿನ ಕೇಂದ್ರ ಕಾನೂನು. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಾರಿಸುವುದಕ್ಕೂ ಇದು ಅನ್ವಯಿಸುತ್ತದೆಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಇದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ನಿಮ್ಮಂಥವರಿಗೆ ಎಟಕುವುದು ಒಂದೇ, ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆಯ ಪರವಾನಗಿ. ಅದಿದ್ದರೂ ನೀವಿರುವ ರಾಜ್ಯದ ಕಾನೂನು ಇನ್ನೂ ಬಿಗಿಯಾಗಿರಬಹುದಾದ್ದರಿಂದ, ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಹೆಜ್ಜೆಯಿಡಬೇಡಿ. ನಿಷೇಧ ಮೀರಿದರೆ 2022ರ ತಿದ್ದುಪಡಿಯ ನಂತರ 15 ವರ್ಷಗಳವರೆಗೆ ಸೆರೆವಾಸವಾಗಬಹುದು, ಗಡೀಪಾರಿನ ಭಯ ಬೇರೆ. ಸಹೋದ್ಯೋಗಿಯ ಹೆಸರಿನಲ್ಲಿ ಕೊಳ್ಳುವ ಯೋಚನೆ ಬಂದಿದ್ದರೆ ಅದನ್ನೂ ಬಿಟ್ಟುಬಿಡಿ. ಅಂಗಡಿಯಲ್ಲಿ ತುಂಬಿಸುವ 4473 ನಮೂನೆಯಲ್ಲಿ ನಿಜವಾಗಿ ಕೊಳ್ಳುತ್ತಿರುವವರು ನೀವೇ ತಾನೇ ಎಂಬ ಪ್ರಶ್ನೆಯಿದೆ, ಅಲ್ಲಿ ಸುಳ್ಳು ಬರೆದರೆ ಇಬ್ಬರೂ ಸಿಕ್ಕಿಬೀಳುತ್ತೀರಿ.

ಎರಡನೆಯದು ರಾಜ್ಯದ ಗಡಿ. ಬೇರೆ ರಾಜ್ಯದ ಖಾಸಗಿ ವ್ಯಕ್ತಿಯಿಂದ ಪಿಸ್ತೂಲು ಕೊಳ್ಳುವವರು, ಅವರು ಇಲ್ಲಿನ ಪ್ರಜೆಯೇ ಆಗಿದ್ದರೂ, ಅದನ್ನು ತಮ್ಮ ರಾಜ್ಯದ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ತರಿಸಿಕೊಂಡು, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ಪಡೆಯಬೇಕು. ನೇರವಾಗಿ ಕೈಗೇ ಕೊಡುತ್ತೇನೆ ಎನ್ನುವವರಿಗೆ ಈ ನಿಯಮ ತಿಳಿದಿಲ್ಲ, ಇಲ್ಲವೇ ತಿಳಿದೂ ಹಾಗೆನ್ನುತ್ತಿದ್ದಾರೆ.

ಇನ್ನು ಸರಕಿನ ಅಭಾವ; ಅದಕ್ಕೂ ಆತುರಪಡಬೇಕಿಲ್ಲ. ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಸೇನೆ 1911ರಲ್ಲಿ ಸ್ವೀಕರಿಸಿ, 1985ರಲ್ಲಿ ಅದರ ಜಾಗಕ್ಕೆ ಬೆರೆಟ್ಟಾವನ್ನು ತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೋಲ್ಟ್ ಮಾತ್ರವಲ್ಲದೆ ಬೆರಳಚ್ಚು ಯಂತ್ರದ ರೆಮಿಂಗ್ಟನ್ ರ್ಯಾಂಡ್, ಹೊಲಿಗೆ ಯಂತ್ರದ ಸಿಂಗರ್ ಕೂಡ ಇದನ್ನು ತಯಾರಿಸಿದವು. ಸಿಂಗರ್ ಮಾಡಿದ್ದು ಬರೀ 500, ಆದ್ದರಿಂದಲೇ ಆ ಹೆಸರು ಹೊತ್ತ ನಕಲಿಗಳ ಬಗ್ಗೆ ಎಚ್ಚರ ಬೇಕು. ಸೇನೆಯ ಉಳಿಕೆ ಪಿಸ್ತೂಲುಗಳನ್ನು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ ಮಾರುತ್ತದೆ, ಆದರೆ ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಗ್ರೀನ್ ಕಾರ್ಡ್ ಸಾಲದು. ಹೊಸ ತಯಾರಿಕೆಯಲ್ಲಾದರೆ ಫಿಲಿಪ್ಪೀನ್ಸ್‌ನ ರಾಕ್ ಐಲೆಂಡ್, ಟರ್ಕಿಯ ಟಿಸಾಸ್ ಕಂಪನಿಗಳು ಅದೇ ಹಳೆಯ ವಿನ್ಯಾಸವನ್ನು ಕಡಿಮೆ ಬೆಲೆಗೆ ಕೊಡುತ್ತವೆ. ಕೋಲ್ಟ್ ಕಂಪನಿಯ ಕುದುರೆಯ ಗುರುತಿಲ್ಲವೆಂದು ಮೂಗು ಮುರಿಯುವವರಿದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ. ನಿಂತುಹೋದದ್ದು ಮರಳಿ ಬರುವುದೂ ಉಂಟು: ಕೋಲ್ಟ್ ಪೈಥಾನ್ ರಿವಾಲ್ವರ್ 2005ರ ನಂತರ ಕಾಣೆಯಾಗಿ 2020ರಲ್ಲಿ ಮತ್ತೆ ಬಂದಿತು, ಬೆಲ್ಜಿಯಂನಲ್ಲಿ ನಿಂತುಹೋದ ಹೈ-ಪವರ್ ಪಿಸ್ತೂಲಿನ ಮಾದರಿಯಲ್ಲೇ ಸ್ಪ್ರಿಂಗ್‌ಫೀಲ್ಡ್ ಕಂಪನಿ 2021ರಲ್ಲಿ ಎಸ್ಎ-35 ತಂದಿತು.

ನಾನು ಪ್ರಜೆಯಾದ ಮೇಲೆ, 2021ರಲ್ಲಿ, ಕಪಾಟುಗಳು ಖಾಲಿಯಿದ್ದ ಕಾಲದಲ್ಲಿ, ಇನ್ನೊಬ್ಬರು ಒಯ್ದಾರೆಂಬ ಹೆದರಿಕೆಯಿಂದ ಒಂದು ಹಳೆಯ 1911 ಕೊಂಡೆ. ಮೂಲ ಬಣ್ಣವೇ ಎಂದು ಮಾರಿದವರು ಹೇಳಿದ್ದರು. ಮನೆಗೆ ತಂದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ) ಮೇಲಿನ ಅಕ್ಷರಗಳ ಅಂಚುಗಳು ಸವೆದ ನಾಣ್ಯದಂತೆ ಮೊಂಡಾಗಿದ್ದವು, ಕುದುರೆಯ ಕಾಲುಗಳು ಅರ್ಧ ಅಳಿಸಿದ್ದವು. ಯಾರೋ ಉಜ್ಜಿ ನಯಮಾಡಿ ಹೊಸ ಬಣ್ಣ ಹಾಕಿದ್ದರು. ಸಂಗ್ರಾಹಕರ ಲೆಕ್ಕದಲ್ಲಿ ಅಷ್ಟಕ್ಕೇ ಅದರ ಬೆಲೆ ಕುಸಿಯಿತು. ರೇಂಜಿನಲ್ಲಿ ಏಳು ಗುಂಡು ತುಂಬುವ ಪೆಟ್ಟಿಗೆಯಾದ ಮ್ಯಾಗಜೀನಿನಲ್ಲಿ ಕೊನೆಯದು ಪ್ರತಿ ಸಲವೂ ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಮ್ಯಾಗಜೀನಿನ ಬಾಯಿಯಂಚು ಹಿಗ್ಗಿದ್ದೇ ಕಾರಣವೆಂದು ತಿಳಿಯುವಷ್ಟರಲ್ಲಿ ಎರಡು ವಾರ ಕಳೆದಿದ್ದವು. ಅದೊಂದು ಮಾತ್ರ ಹೊಸ ಮ್ಯಾಗಜೀನಿನಿಂದ ಸರಿಹೋಯಿತು.

ಆದ್ದರಿಂದ ನಿಮಗೆ ಕಾನೂನುಬದ್ಧವಾಗಿ ಕೊಳ್ಳುವ ಹಕ್ಕು ಬಂದಾಗ, ಅಂಗಡಿಯವರ ಅನುಮತಿ ಪಡೆದು, ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು ಒಳಗೆ ಗುಂಡಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ನಂತರವೇ ಉಳಿದದ್ದನ್ನು ನೋಡಿ. ನಳಿಗೆಯೊಳಗೆ ಬೆಳಕು ಹಾಯಿಸಿದಾಗ ಉಂಗುರದಂತಹ ಕಪ್ಪು ನೆರಳು ಕಂಡರೆ ಅಲ್ಲಿ ಉಬ್ಬಿದೆಯೆಂದರ್ಥ. ಹಿಡಿಯ ಹಿಂಬದಿಯ ಸೇಫ್ಟಿಯನ್ನು ಒತ್ತದೆ ಟ್ರಿಗರ್ ಎಳೆದರೆ ಹಿಂಬದಿಯ ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಸುತ್ತಿಗೆ) ಬೀಳಬಾರದು. ಅಕ್ಷರಗಳನ್ನು ಓರೆ ಬೆಳಕಿನಲ್ಲಿ ಓದಿ.

ಆ ಪಕ್ಕದ ರಾಜ್ಯದವರಿಗೆ ಇವತ್ತೇ ಬೇಡವೆಂದು ಬರೆದುಬಿಡಿ, ಶುಕ್ರವಾರದವರೆಗೆ ಕಾಯಬೇಡಿ.