ಡೈಕಾಸ್ಟ್ ಕಾರುಗಳಲ್ಲಿ ಯಾವ ವಿಭಾಗವನ್ನು ಆರಿಸಬೇಕು?

ನಮಸ್ಕಾರ. ಕಂಡ ಕಂಡ ಡೈಕಾಸ್ಟ್ ಕಾರುಗಳನ್ನೆಲ್ಲ (ಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ ಪುಟ್ಟ ಮಾದರಿ ಕಾರುಗಳನ್ನು) ಕೊಂಡು ಕಪಾಟು ತುಂಬಿದೆ, ಇನ್ನು ಒಂದೇ ವಿಭಾಗಕ್ಕೆ ಸೀಮಿತನಾಗಬೇಕು, ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಕಂಪನಿಗಿಂತ ಮೊದಲು ಅಳತೆಯನ್ನು ನಿರ್ಧರಿಸಿಕೊಳ್ಳಿ. 1:18ರ, ಅಂದರೆ ನಿಜವಾದ ಕಾರಿನ ಉದ್ದವನ್ನು ಹದಿನೆಂಟು ಪಟ್ಟು ಕುಗ್ಗಿಸಿದ, ಕಾರೊಂದು ಸುಮಾರು 25 ಸೆಂಟಿಮೀಟರ್ ಉದ್ದವಿರುತ್ತದೆ; ಅಷ್ಟೇ ಜಾಗದಲ್ಲಿ 1:64ರ ಹತ್ತು ಕಾರುಗಳು ಕೂರುತ್ತವೆ.

ಜಾಗ ಕಡಿಮೆಯಿರುವ ನಿಮಗೆ, ಲೆಸ್ನಿ ಕಂಪನಿಯು ಇಂಗ್ಲೆಂಡಿನಲ್ಲಿ 1953ರಿಂದ ತಯಾರಿಸಿದ, 1969ರಲ್ಲಿ ವೇಗವಾಗಿ ಉರುಳುವ ‘ಸೂಪರ್‌ಫಾಸ್ಟ್’ ಚಕ್ರಗಳು ಬರುವವರೆಗಿನ ಮ್ಯಾಚ್‌ಬಾಕ್ಸ್ ವಾಹನಗಳನ್ನೇ ನಾನು ಮನಸಾರೆ ಸೂಚಿಸುತ್ತೇನೆ. ಸರಣಿಯ ಸಂಖ್ಯೆಗಳು 75ಕ್ಕೆ ಮುಗಿದರೂ, ಒಂದೇ ಸಂಖ್ಯೆಯನ್ನು ಕಾಲಕಾಲಕ್ಕೆ ಬೇರೆ ಬೇರೆ ವಾಹನಗಳಿಗೆ ಕೊಟ್ಟಿರುವುದರಿಂದ ಹುಡುಕಾಟ ಬೇಗ ಮುಗಿಯುವುದಿಲ್ಲ. ಇವುಗಳ ನಿಜವಾದ ಸೊಗಸಿರುವುದು ಚಕ್ರಗಳಲ್ಲಿ: ಮೊದಲು ಲೋಹದವು, ಬಳಿಕ ಬೂದು ಬಣ್ಣದ ಪ್ಲಾಸ್ಟಿಕ್ಕಿನವು, ಅನಂತರ ಕಪ್ಪು ಪ್ಲಾಸ್ಟಿಕ್ಕಿನವು ಬಂದವು, ಕೆಲವು ಮಾದರಿಗಳು ಒಂದಕ್ಕಿಂತ ಹೆಚ್ಚು ಬಗೆಯ ಚಕ್ರಗಳಲ್ಲಿ ಸಿಗುತ್ತವೆ, ಅಪರೂಪದ ಜೋಡಣೆಗೆ ಬೆಲೆಯೂ ಹೆಚ್ಚು. ಚಕ್ರಗಳನ್ನು ಜೋಡಿಸುವ ಕಡ್ಡಿಯ, ಅಂದರೆ ಆಕ್ಸಲ್ಲಿನ, ತುದಿಯನ್ನೂ ಭೂತಗನ್ನಡಿಯಲ್ಲಿ ನೋಡಿ: ಆರಂಭದ ವರ್ಷಗಳಲ್ಲಿ ಅದನ್ನು ಚಪ್ಪಟೆಯಾಗಿ ಅದುಮುತ್ತಿದ್ದರು, ಆಮೇಲೆ ಗುಂಡಗೆ ಮಾಡತೊಡಗಿದರು. ಅಲ್ಲಿ ಹೊಸ ಗೀರುಗಳಿದ್ದರೆ ಯಾರೋ ಚಕ್ರ ಬದಲಿಸಿರಬಹುದು.

ಒಂದು ಎಚ್ಚರಿಕೆ: ಪುಟ್ಟ ಪೆಟ್ಟಿಗೆಗೆ ಹೊಂದುವಂತೆ ಕುಗ್ಗಿಸಿರುವುದರಿಂದ ಇಲ್ಲಿ ಬಸ್ಸೂ ಕಾರೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿವೆ. ಅದು ನಿಮ್ಮ ಕಣ್ಣಿಗೆ ಒಪ್ಪದಿದ್ದರೆ ಈಗಿನ 1:64 ಮಾದರಿಗಳಲ್ಲಿ ಒಂದೇ ನಿಜ ಕಾರು ಕಂಪನಿಯ ಕಾರುಗಳನ್ನು, ಉದಾಹರಣೆಗೆ ಪೋರ್ಷೆಯನ್ನು, ಆರಿಸಿಕೊಳ್ಳಿ. ಆಗ ಹಾಟ್ ವೀಲ್ಸ್ ಬ್ರ್ಯಾಂಡಿನ ಮಾದರಿಗಳನ್ನು ಕೊಳ್ಳುವುದಾದರೆ, ತಳದಲ್ಲಿರುವ ವರ್ಷವು ಸಾಮಾನ್ಯವಾಗಿ ಆ ವಿನ್ಯಾಸದ ಹಕ್ಕುಸ್ವಾಮ್ಯದ್ದೇ ಹೊರತು ಕಾರು ತಯಾರಾದದ್ದಲ್ಲ ಎಂಬುದನ್ನು ಗಮನದಲ್ಲಿಡಿ.