ಇಂಡೆಕ್ಸ್ ಏರುವಾಗ ತಡೆ, ಇಳಿಯುವಾಗ ಏಕಿಲ್ಲ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಗಾಲ್ಫ್‌ನಲ್ಲಿ ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್ (ಆಟಗಾರರ ಸಾಮರ್ಥ್ಯ ತೋರಿಸುವ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 10.2ರವರೆಗೆ ಇಳಿದಿತ್ತು. ಆಮೇಲೆ ಆಟ ಹದಗೆಟ್ಟಿತು. ಉತ್ತಮವಾದ ಎಂಟು ಡಿಫರೆನ್ಷಿಯಲ್‌ಗಳನ್ನು (ಕೋರ್ಸಿನ ಕಷ್ಟಕ್ಕೆ ಹೊಂದಿಸಿದ ರೌಂಡ್‌ನ ಅಂಕಿಗಳನ್ನು) ನಾನೇ ಕೂಡಿ ಸರಾಸರಿ ತೆಗೆದರೆ 15.0 ಬರುತ್ತದೆ. ದಾಖಲೆಯಲ್ಲಿ ಮಾತ್ರ 14.1 ಇದೆ. ಲೆಕ್ಕದಲ್ಲಿ ತಪ್ಪಾಗಿದೆಯೇ?

ಉತ್ತರ: ನಿಮ್ಮ ಲೆಕ್ಕವೂ ಸರಿ, ದಾಖಲೆಯೂ ಸರಿ. ನಡುವೆ ಇರುವ 0.9 ಸ್ಟ್ರೋಕ್ (ಹೊಡೆತ) ಸಾಫ್ಟ್ ಕ್ಯಾಪ್‌ನ ಕೆಲಸ.

2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸ್ಕೋರ್‌ಗಳ ಪೈಕಿ ಅತಿ ಕಡಿಮೆಯಿರುವ 8 ಡಿಫರೆನ್ಷಿಯಲ್‌ಗಳ ಸರಾಸರಿಯೇ ಇಂಡೆಕ್ಸ್. ಆದರೆ ಆ ಸರಾಸರಿಯನ್ನು ಹಾಗೇ ಬರೆದುಕೊಳ್ಳುವುದಿಲ್ಲ. ಮೊದಲು ಅದನ್ನು ನಿಮ್ಮ 'ಲೋ ಇಂಡೆಕ್ಸ್' ಜೊತೆ, ಅಂದರೆ ಹಿಂದಿನ 365 ದಿನಗಳಲ್ಲಿ ನೀವು ಮುಟ್ಟಿದ ಅತಿ ಕಡಿಮೆ ಇಂಡೆಕ್ಸ್ ಜೊತೆ, ಹೋಲಿಸಿ ನೋಡುತ್ತಾರೆ. ಅದಕ್ಕಿಂತ 3.0 ಸ್ಟ್ರೋಕ್‌ವರೆಗಿನ ಏರಿಕೆಗೆ ಅಡ್ಡಿಯಿಲ್ಲ. 3.0 ದಾಟಿದ ಭಾಗದಲ್ಲಿ ಅರ್ಧ ಮಾತ್ರ ಸೇರುತ್ತದೆ. ಇದು ಸಾಫ್ಟ್ ಕ್ಯಾಪ್. ಹೀಗೆ ಅರ್ಧ ಮಾಡಿದ ಮೇಲೂ ಒಟ್ಟು ಏರಿಕೆ 5.0 ಮೀರುವಂತಿಲ್ಲ. ಅದು ಹಾರ್ಡ್ ಕ್ಯಾಪ್.

ನಿಮ್ಮ ಅಂಕಿಗಳನ್ನೇ ಇಟ್ಟು ನೋಡಿ. 15.0ರಲ್ಲಿ 10.2 ಕಳೆದರೆ 4.8. ಮೊದಲ 3.0 ಪೂರ್ತಿ ಸಿಗುತ್ತದೆ, ಉಳಿದ 1.8ರಲ್ಲಿ ಅರ್ಧ, ಅಂದರೆ 0.9. ಒಟ್ಟು 10.2 + 3.0 + 0.9 = 14.1. ನಿಮ್ಮ ಸರಾಸರಿ 17.2 ಮುಟ್ಟಿದಾಗ ಇಂಡೆಕ್ಸ್ 15.2 ಆಗಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಸರಾಸರಿ 18 ಆದರೂ 19 ಆದರೂ ಅದೇ 15.2.

ಇದರ ಇನ್ನೊಂದು ಪರಿಣಾಮವನ್ನು ಬಹಳಷ್ಟು ಆಟಗಾರರು ಗಮನಿಸುವುದಿಲ್ಲ. ಕ್ಯಾಪ್ ಬಿಗಿಯುವುದು ಇಂಡೆಕ್ಸನ್ನು ಮಾತ್ರ. ನಿಮ್ಮ ಡಿಫರೆನ್ಷಿಯಲ್‌ಗಳು ಇದ್ದಂತೆಯೇ ಇರುತ್ತವೆ. ಹಾಗಾಗಿ ಆಟ ಸುಧಾರಿಸತೊಡಗಿದಾಗಲೂ ಅದು ಪೂರ್ತಿಯಾಗಿ ಕಣ್ಣಿಗೆ ಬೀಳದು. ಸರಾಸರಿ 15.0ರಿಂದ 14.0ಕ್ಕೆ ಬಂದರೆ ಇಂಡೆಕ್ಸ್ 14.1ರಿಂದ 13.6ಕ್ಕೆ ಮಾತ್ರ ಇಳಿಯುತ್ತದೆ. ಹಾರ್ಡ್ ಕ್ಯಾಪ್‌ಗೆ ತಾಗಿ ಕೂತವರಿಗಂತೂ ಸರಾಸರಿ 19ರಿಂದ 18ಕ್ಕೆ ಬಂದರೂ ಅಂಕಿ ಅಲುಗಾಡುವುದಿಲ್ಲ. 'ಮೂರು ರೌಂಡ್ ಚೆನ್ನಾಗಿ ಆಡಿದೆ, ಏನೂ ಬದಲಾಗಲಿಲ್ಲ' ಎಂಬ ಬೇಸರಕ್ಕೆ ಎಷ್ಟೋ ಸಲ ಕಾರಣ ಇದೇ.

ಉಲ್ಟಾ ಕೂಡ ಆಗುತ್ತದೆ. ಲೋ ಇಂಡೆಕ್ಸ್ ಶಾಶ್ವತವಲ್ಲ. 365 ದಿನಗಳನ್ನು ಎಣಿಸುವುದು ಇವತ್ತಿನಿಂದಲ್ಲ, ನಿಮ್ಮ ಕೊನೆಯ ಸ್ಕೋರ್ ಆಡಿದ ದಿನದಿಂದ ಹಿಂದಕ್ಕೆ. ನಾಲ್ಕು ತಿಂಗಳು ಕಳೆದ ಮೇಲೆ ನೀವು ಒಂದು ಸ್ಕೋರ್ ಹಾಕಿದಾಗ ಆ 10.2 ಅವಧಿಯಿಂದ ಹೊರಬೀಳುತ್ತದೆ. ಆಗ ಉಳಿದವುಗಳಲ್ಲಿ ಕನಿಷ್ಠ 11.8 ಎಂದಿಟ್ಟುಕೊಳ್ಳಿ. ಸರಾಸರಿ ಅದೇ 15.0 ಇದ್ದರೂ ಈಗ ವ್ಯತ್ಯಾಸ 3.2, ಕ್ಯಾಪ್ ಕಡಿಯುವುದು 0.1 ಅಷ್ಟೇ. ಇಂಡೆಕ್ಸ್ 14.9ಕ್ಕೆ ಹಾರುತ್ತದೆ. ಕೆಟ್ಟದಾಗಿ ಆಡದೆಯೇ ಏರಿತಲ್ಲ ಎಂದು ಗಾಬರಿ ಬೇಡ. ಸ್ಕೋರ್ ಪಟ್ಟಿ ತೆರೆದಾಗ ಲೋ ಇಂಡೆಕ್ಸ್ ಎಷ್ಟು, ಅದು ಯಾವ ದಿನಾಂಕದ್ದು ಎಂಬುದನ್ನು ಮೊದಲು ನೋಡಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಗಾಯ ಅಥವಾ ಕಾಯಿಲೆಯಿಂದ ಆಟವೇ ಬದಲಾಗಿದ್ದರೆ ಹ್ಯಾಂಡಿಕ್ಯಾಪ್ ಸಮಿತಿಯನ್ನು ಕೇಳಿ. ಕ್ಯಾಪ್ ಹಾಕಿದ ಇಂಡೆಕ್ಸ್ ನಿಮ್ಮ ಈಗಿನ ಸಾಮರ್ಥ್ಯವನ್ನು ತೋರಿಸುತ್ತಿಲ್ಲ ಎಂದು ಸಮಿತಿಗೆ ಅನಿಸಿದರೆ ಅದನ್ನು ಬದಿಗಿಡುವ ಅಧಿಕಾರ ಅದಕ್ಕಿದೆ. ಸಂಕೋಚಪಟ್ಟು ಸುಮ್ಮನಿರುವವರೇ ಹೆಚ್ಚು. ಸುಮ್ಮನಿರಬೇಡಿ.

ಪ್ರಶ್ನೆ: ಏರುವುದಕ್ಕೆ ಇಷ್ಟು ಕಟ್ಟುಪಾಡು. ಹಾಗಾದರೆ ಇಳಿಯುವುದಕ್ಕೆ?

ಉತ್ತರ: ಇಳಿಕೆಗೆ ಮಿತಿಯೇ ಇಲ್ಲ, ಮೇಲಾಗಿ ಅದಕ್ಕೊಂದು ತಳ್ಳುವಿಕೆಯೂ ಇದೆ. ಒಂದು ರೌಂಡ್‌ನ ಡಿಫರೆನ್ಷಿಯಲ್ ಆ ಹೊತ್ತಿನ ಇಂಡೆಕ್ಸ್‌ಗಿಂತ 7.0ರಿಂದ 9.9 ಕಡಿಮೆ ಬಂದರೆ, ಆ ರೌಂಡೂ ಸೇರಿ ಕೊನೆಯ 20 ಡಿಫರೆನ್ಷಿಯಲ್‌ಗಳಲ್ಲಿ ಪ್ರತಿಯೊಂದರಿಂದ 1.0 ಕಳೆಯುತ್ತಾರೆ. 10.0 ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ 2.0.

ಮೇಲಿನ ಆಟಗಾರರೇ 6.8ರ ಡಿಫರೆನ್ಷಿಯಲ್ ಆಡಿದರು ಎನ್ನೋಣ. 14.1ಕ್ಕಿಂತ ಅದು 7.3 ಕಡಿಮೆ. ಹೋಲಿಕೆ ಕ್ಯಾಪ್ ಹಾಕಿದ 14.1ರ ಜೊತೆಗೇ ಹೊರತು 15.0ರ ಜೊತೆಗಲ್ಲ. ಎಂಟರ ಮೊತ್ತ 120 ಇತ್ತು. ಅದರಲ್ಲಿ ದೊಡ್ಡದು 16.4 ಆಗಿದ್ದರೆ ಅದು ಹೋಗಿ 6.8 ಬರುತ್ತದೆ: ಮೊತ್ತ 110.4, ಸರಾಸರಿ 13.8. ಅದರಿಂದ 1.0 ಕಳೆದರೆ 12.8. ಲೋ ಇಂಡೆಕ್ಸ್‌ಗಿಂತ ಇದು 2.6 ಮಾತ್ರ ಮೇಲಿರುವುದರಿಂದ ಕ್ಯಾಪ್‌ಗೆ ಕೆಲಸವಿಲ್ಲ. ಕಡಿತಗೊಂಡ ಹಳೆಯ ಡಿಫರೆನ್ಷಿಯಲ್‌ಗಳು ಹೊಸ ಸ್ಕೋರ್ ಬಂದಂತೆ ಒಂದೊಂದಾಗಿ ಜಾರಿಹೋಗುತ್ತವೆ. ಆ ನಡುವೆ ಇಂಥದೇ ಇನ್ನೊಂದು ರೌಂಡ್ ಬಂದರೆ ಕಡಿತದ ಮೇಲೆ ಕಡಿತ.

ಈ ಅಸಮತೋಲನ ನ್ಯಾಯವೆಂದೇ ನನ್ನ ಅಭಿಪ್ರಾಯ. ಒಮ್ಮೆ ಆಡಿ ತೋರಿಸಿದ ಸಾಮರ್ಥ್ಯ ನಿಜ. ನಾಲ್ಕು ವಾರ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಬೀಳದಿದ್ದರೆ ಅದು ಮಾಯವಾಗುವುದಿಲ್ಲ. ಬೇಕೆಂದೇ ಸ್ಕೋರ್ ಕೆಡಿಸಿ ಸ್ಪರ್ಧೆಗೆ ಸ್ಟ್ರೋಕ್ ಕೂಡಿಡುವವರಿಂದ ಉಳಿದವರನ್ನು ಕಾಪಾಡುವುದೂ ಇದೇ ತಡೆ.

ಪ್ರಶ್ನೆ: ನಿನ್ನೆ ಸಾಧಾರಣವಾಗಿ ಚೆನ್ನಾಗೇ ಆಡಿದೆ. ಆದರೂ ಇಂಡೆಕ್ಸ್ ಅರ್ಧ ಸ್ಟ್ರೋಕ್ ಏರಿದೆ!

ಉತ್ತರ: ಹೊಸ ಸ್ಕೋರ್ ಒಳಗೆ ಬಂದಾಗ 21ನೆಯದು ಹೊರಗೆ ಹೋಗುತ್ತದೆ. ಹೋದದ್ದು ಎಂಟರಲ್ಲಿದ್ದ 12.6 ಆಗಿ, ಅದರ ಜಾಗಕ್ಕೆ 16.8 ಬಂದಿದ್ದರೆ ವ್ಯತ್ಯಾಸ 4.2. ಎಂಟರಿಂದ ಭಾಗಿಸಿದರೆ ಸುಮಾರು 0.5. ಮುಂದಿನ ರೌಂಡ್‌ಗೆ ಹೊರಬೀಳಲಿರುವ ಸ್ಕೋರ್ ಯಾವುದು ಎಂದು ಮೊದಲೇ ನೋಡಿಟ್ಟುಕೊಂಡರೆ ಎಷ್ಟು ಆಡಬೇಕೆಂಬುದು ಗೊತ್ತಾಗುತ್ತದೆ.

ಕೈಲೆಕ್ಕ ಹಾಕುವಾಗ ಕಾರ್ಡಿನ ಒಟ್ಟು ಸ್ಟ್ರೋಕ್‌ಗಳನ್ನು ಹೋಲಿಸಬೇಡಿ. ಮೊದಲು ಪ್ರತಿ ಹೋಲ್‌ನ ಸ್ಕೋರನ್ನು ನೆಟ್ ಡಬಲ್ ಬೋಗಿಗೆ ಮಿತಿಗೊಳಿಸಿ: ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ), ಜೊತೆಗೆ 2, ಜೊತೆಗೆ ಆ ಹೋಲ್‌ನಲ್ಲಿ ಹ್ಯಾಂಡಿಕ್ಯಾಪ್‌ನಿಂದ ನಿಮಗೆ ಸಿಗುವ ಸ್ಟ್ರೋಕ್. ಹಾಗೆ ಬಂದ ಮೊತ್ತದಿಂದ ಕೋರ್ಸ್ ರೇಟಿಂಗ್ (ಹ್ಯಾಂಡಿಕ್ಯಾಪ್ ಬೇಡದ ನುರಿತ ಆಟಗಾರರಿಂದ ಅಲ್ಲಿ ನಿರೀಕ್ಷಿಸುವ ಸ್ಕೋರ್) ಕಳೆದು, 113ರಿಂದ ಗುಣಿಸಿ, ಸ್ಲೋಪ್ ರೇಟಿಂಗ್‌ನಿಂದ (ನುರಿತವರಿಗೆ ಹೋಲಿಸಿದರೆ ಸಾಧಾರಣ ಆಟಗಾರರಿಗೆ ಆ ಕೋರ್ಸ್ ಎಷ್ಟು ಕಷ್ಟ ಎಂಬ ಅಂಕಿ, 113 ಅದರ ಪ್ರಮಾಣಿತ ಮಟ್ಟ) ಭಾಗಿಸಿ. ಮೊತ್ತ 88, ಕೋರ್ಸ್ ರೇಟಿಂಗ್ 71.2, ಸ್ಲೋಪ್ 126 ಇದ್ದರೆ ಡಿಫರೆನ್ಷಿಯಲ್ 15.1. ಆ ದಿನದ ಹವೆ ಅಥವಾ ಕೋರ್ಸಿನ ಸ್ಥಿತಿಗಾಗಿ ತಿದ್ದುಪಡಿ ಆಗಿದ್ದರೆ, ಅದು −1ರಿಂದ +3ರವರೆಗೆ ಇರಬಹುದು, ಅದನ್ನೂ ಮೊತ್ತದಿಂದ ಕಳೆಯಬೇಕು. ಕೈಲೆಕ್ಕ ತಾಳೆಯಾಗದಿದ್ದಾಗ ನಾನು ಮೊದಲು ಹುಡುಕುವುದು ಇದನ್ನೇ.

ಪ್ರಶ್ನೆ: ನನ್ನ ದಾಖಲೆಯಲ್ಲಿ 12 ಸ್ಕೋರ್ ಮಾತ್ರ ಇವೆ. ಕ್ಯಾಪ್ ನನಗೂ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. 20 ಸ್ಕೋರ್ ತುಂಬಿದ ಮೇಲೆಯೇ ಲೋ ಇಂಡೆಕ್ಸ್ ನಿಗದಿಯಾಗುವುದು, ಆಮೇಲೆಯೇ ಎರಡೂ ಕ್ಯಾಪ್‌ಗಳು. ಅಲ್ಲಿಯವರೆಗೆ ನಿಮ್ಮ 12ರಲ್ಲಿ ಅತಿ ಕಡಿಮೆಯಿರುವ 4ರ ಸರಾಸರಿಯೇ ಇಂಡೆಕ್ಸ್, ಹಾಗಾಗಿ ಅದು ದೊಡ್ಡ ಹೆಜ್ಜೆಗಳಲ್ಲಿ ಏರಿಳಿಯುತ್ತದೆ. ಎಲ್ಲರಿಗೂ ಇರುವ 54.0ರ ಗರಿಷ್ಠ ಮಿತಿ ಮಾತ್ರ ನಿಮಗೂ ಇದೆ.